ನಿಂತಾಗ ಮಾತ್ರ ಕಾರು ಬಿಸಿಯಾಗುತ್ತಿದೆಯೇ? ಮೊದಲು ಫ್ಯಾನ್ ನೋಡಿ
ಎಂಜಿನ್ ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತು ಹಾಕಿಸಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಓಡುವಾಗ ಸರಿಯಿದ್ದು, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಟೆಂಪರೇಚರ್ ಮುಳ್ಳು ಏರುವ ಕಾರಿಗೆ ಅದು ಮದ್ದಲ್ಲ.

ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಹಾಗಾಗಿ ಮೊದಲ ಅನುಮಾನ ಅದರ ಫ್ಯೂಸ್, ರಿಲೇ, ಮೋಟಾರು ಇಲ್ಲವೇ ಸೆನ್ಸರ್ ಮೇಲೆ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ: ಎಲೆಕ್ಟ್ರಿಕ್ ಫ್ಯಾನ್ ಇರುವ ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಅದು ತಿರುಗಬೇಕು. (ಕೈ ದೂರವಿರಲಿ. ಎಂಜಿನ್ ಆರಿಸಿದ ಮೇಲೂ ತಟ್ಟನೆ ತಿರುಗಬಹುದು.) ತಿರುಗದಿದ್ದರೆ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ತಿರುಗಿಯೂ ಬಿಸಿಯಾದರೆ ಕೂಲಂಟ್ ಮಟ್ಟ, ವಾಟರ್ ಪಂಪ್, ರೇಡಿಯೇಟರಿಗೆ ಮೆತ್ತಿದ ಕೆಸರು ನೋಡಿಸಿ.

ಹೆದ್ದಾರಿಯಲ್ಲೂ ಬಿಸಿಯಾಗುತ್ತಿದ್ದರೆ ಥರ್ಮೋಸ್ಟಾಟನ್ನು ಶಂಕಿಸಬಹುದು. ಆಗಲೂ ಹೊಸದು ಹಾಕಿಸಬೇಕು, ಕಿತ್ತುಬಿಟ್ಟರೆ ಎಂಜಿನ್ ಬೇಗ ಹದಕ್ಕೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ.

ಇನ್ನು ಬಿಸಿ ಇರುವಾಗಲೇ ಮುಚ್ಚಳ ತೆಗೆದು ನೀರು ಸುರಿಯುವ ಸಾಹಸ ಬೇಡವೇ ಬೇಡ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ನಿಮಗೆ ಸೆಕೆಯಾಗುತ್ತದೆ, ಎಂಜಿನ್ ಬಿಸಿ ಒಂದಿಷ್ಟು ಕಳೆಯುತ್ತದೆ. ಮುಳ್ಳು ಆಗಲೂ ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.