ಟೂರಿಸಂ ಡಿಗ್ರಿ ನೋಡಿ ನಗುವ ಮೊದಲು

"ಟೂರಿಸಂ ಓದಿ ಏನ್ಮಾಡ್ತೀಯಾ? ಬಸ್ಸಲ್ಲಿ ನಿಂತ್ಕೊಂಡು ಎಡಗಡೆ ನೋಡಿ, ಬಲಗಡೆ ನೋಡಿ ಅಂತೀಯಾ?" ಹಿಸ್ಟರಿ, ಟೂರಿಸಂ ತಗೊಂಡು ಬಿಎ ಮಾಡಿದ ನಮ್ಮೂರ ಕಡೆ ಹುಡುಗರು ಈ ಮಾತು ಕೇಳಿ ಕೇಳಿ ಸುಸ್ತಾಗಿದ್ದಾರೆ. ಹೀಗೆ ನಗುವವರಲ್ಲಿ ಬಿಇ ಮುಗಿಸಿ ಬೆಂಗಳೂರು ಸೇರಿದ ನನ್ನಂಥವರೇ ಜಾಸ್ತಿ. ಅವರಿಗೆ ನನ್ನದೊಂದೇ ಪ್ರಶ್ನೆ: ನಮ್ಮ ಬಿಇ ನಮಗೆ ಕೆಲಸ ಕಲಿಸಿತ್ತಾ?

ಸಿವಿಲ್, ಮೆಕ್ಯಾನಿಕಲ್ ಓದಿದವರೂ ಇವತ್ತು ಕೋಡ್ ಬರೀತಿದ್ದಾರೆ. ಹೇಗೆ? ಕಂಪನಿಗಳು ಫ್ರೆಶರ್‌ಗಳನ್ನು ತಿಂಗಳುಗಟ್ಟಲೆ ಕೂರಿಸಿ, ಸಂಬಳ ಕೊಟ್ಟು ಜಾವಾ ಕಲಿಸಿದವು. ಡಿಗ್ರಿ ಬರೀ ಗೇಟ್ ಪಾಸ್. ಟೂರಿಸಂ ಹುಡುಗರಿಗೆ ಆ ಭಾಗ್ಯ ಇಲ್ಲ. ಟ್ರಾವೆಲ್ ಆಫೀಸಿನವರಿಗೆ ಮೊದಲ ದಿನವೇ ಅಮೆಡಿಯಸ್‌ನಲ್ಲಿ ಟಿಕೆಟ್ ಬುಕ್ ಮಾಡೋಕೆ ಬರಬೇಕು. ರೆಸಾರ್ಟಿನವರಿಗೆ ಇಂಗ್ಲಿಷ್, ಹಿಂದಿ ಎರಡೂ ಸರಾಗವಾಗಿ ಬರಬೇಕು. ಹುಡುಗ ಮೂರು ವರ್ಷ ಓದಿದ್ದು ಮಾತ್ರ ಪ್ರವಾಸೋದ್ಯಮದ ವ್ಯಾಖ್ಯಾನ, ವಿಧಗಳು, ಲಾಭಗಳು. ಕಾಲೇಜು ಕಲಿಸಲ್ಲ, ಕೆಲಸ ಕೊಡೋರು ಕಲಿಸಲ್ಲ, ಬೈಗುಳ ಮಾತ್ರ ಹುಡುಗನಿಗೆ.

ಸರಕಿಗೇನೂ ಬರ ಇಲ್ಲ. 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು, 2012ರಲ್ಲಿ ಪಶ್ಚಿಮ ಘಟ್ಟ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದವು. ಹಂಪಿಯ ಕಲ್ಲಿನ ರಥ ಐವತ್ತರ ನೋಟಿನ ಮೇಲೂ ಇದೆ. ಆದರೆ ಅದೇ ರಥದ ಮುಂದೆ ನಿಂತು ಕತೆ ಹೇಳುವವನು ಫೀಸು ಕೇಳಿದರೆ, ವೀಕೆಂಡ್ ರೂಮಿಗೆ ಸಾವಿರಗಟ್ಟಲೆ ಸುರಿಯುವ ನಮ್ಮ ಐಟಿ ಮಂದಿ "ಯೂಟ್ಯೂಬಲ್ಲಿ ಇದೆ ಬಿಡಿ" ಅಂತಾರೆ. ತಿಳಿದು ಹೇಳುವವನಿಗೆ ಕಾಸಿಲ್ಲ ಅಂದ್ಮೇಲೆ ತಿಳ್ಕೊಳ್ಳೋಕೆ ಯಾರು ಓದ್ತಾರೆ?

ಹಾಗಂತ ಕಣ್ಮುಚ್ಚಿ ಸೇರಿ ಅಂತಾನೂ ನಾನು ಹೇಳಲ್ಲ. 2020ರ ಲಾಕ್‌ಡೌನಲ್ಲಿ ಮೊದಲು ಬಾಗಿಲು ಹಾಕಿದ ಧಂದೆ ಇದು. ಅಡ್ಮಿಷನ್‌ಗೆ ಮುಂಚೆ ನಾಲ್ಕು ವಿಷಯ ಕೇಳಿ: ಸ್ಟೈಪೆಂಡ್ ಕೊಡುವ ಇಂಟರ್ನ್‌ಶಿಪ್ ಇದೆಯಾ? ಟಿಕೆಟಿಂಗ್ ಸಾಫ್ಟ್‌ವೇರ್ ಕೈಗೆ ಕೊಡ್ತಾರಾ? ಒಂದು ವಿದೇಶಿ ಭಾಷೆ ಕಲಿಸ್ತಾರಾ? ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ? ಉತ್ತರ ತಡವರಿಸಿದರೆ ಮೂರು ವರ್ಷ, ಅಪ್ಪನ ದುಡ್ಡು ಎರಡೂ ಉಳಿಸ್ಕೊಳ್ಳಿ.

ಸರ್ಕಾರಕ್ಕೆ ಹೇಳೋದೂ ಇಷ್ಟೇ. ಹೊಸ ಕೋರ್ಸಿಗೆ ಅನುಮತಿ ಕೊಡುವ ಮೊದಲು ಈ ನಾಲ್ಕೇ ಪ್ರಶ್ನೆ ನೀವೂ ಕೇಳಿ. ಬ್ರೋಷರಿನಲ್ಲಿ ಹಂಪಿಯ ಫೋಟೊ ಹಾಕಿದ ಮಾತ್ರಕ್ಕೆ ಹೊಸಪೇಟೆಯ ಹುಡುಗನಿಗೆ ನೌಕರಿ ಸಿಗಲ್ಲ.