ಇ-ಹರಾಜಿನ ಹಳೆಯ ಲೇಥ್: ಭಾಲ್ಕಿ, ಔರಾದ್ ಕಾರ್ಯಾಗಾರಕ್ಕೆ ಬರುವ ಮುನ್ನವೇ ಗುಜರಿಗೆ

ಬೀದರ್: ಟ್ರಾಕ್ಟರ್ ಟ್ರಾಲಿಯ ಅಚ್ಚು ಮುರಿದರೆ, ಕೊಳವೆಬಾವಿ ಪಂಪಿನ ಶಾಫ್ಟ್ ಸವೆದರೆ, ಸೋಯಾ ರಾಶಿ ಯಂತ್ರದ ಪುಲ್ಲಿ ಒಡೆದರೆ ರೈತ ಮೊದಲು ಹುಡುಕುವುದು ಲೇಥ್ ಇರುವ ಕಾರ್ಯಾಗಾರವನ್ನು. ರಾಶಿಯ ದಿನಗಳಲ್ಲಿ ಒಂದು ದಿನದ ವಿಳಂಬವೂ ನಷ್ಟವೇ. ಆದರೆ ಹೊಸ ಲೇಥ್ ಕೊಳ್ಳುವ ಶಕ್ತಿ ಭಾಲ್ಕಿ, ಔರಾದ್‌ನಂತಹ ತಾಲ್ಲೂಕು ಕೇಂದ್ರಗಳ ಸಣ್ಣ ಕಾರ್ಯಾಗಾರಗಳಿಗೆ ಸುಲಭಕ್ಕೆ ಬರುವುದಿಲ್ಲ. ಇಂಥವರಿಗೆ ಮುಚ್ಚಿದ ಕಾರ್ಖಾನೆಗಳ ಹಳೆಯ ಯಂತ್ರಗಳೇ ಆಸರೆ.

ಅಂತಹ ಯಂತ್ರಗಳ ಮಾರಾಟ ಈಗ ಬಹುಪಾಲು ಅಂತರ್ಜಾಲದ ಹರಾಜಿಗೆ ಸ್ಥಳಾಂತರಗೊಂಡಿದೆ. ಕಾಗದದ ಮೇಲೆ ನೋಡಿದರೆ ಇದು ಗಡಿ ಜಿಲ್ಲೆಗೆ ಒಲಿದ ಭಾಗ್ಯ. ಔರಾದ್‌ನಲ್ಲಿ ಕುಳಿತವನೂ ಹೈದರಾಬಾದ್‌ನ ವ್ಯಾಪಾರಿಯೊಂದಿಗೆ ಸಮಾನವಾಗಿ ಬಿಡ್ ಕೂಗಬಹುದು. ವಾಸ್ತವದಲ್ಲಿ ಈ ಸಮಾನತೆ ಬಿಡ್ ಕೂಗುವಷ್ಟಕ್ಕೇ ಸೀಮಿತವಾಗಿದೆ.

ಲಾಟ್ ಎಂಬ ಗೋಡೆ

ಸರ್ಕಾರಿ ಸಂಸ್ಥೆಗಳ ಹಳೆಯ ಸಾಮಗ್ರಿಯನ್ನು ಇ-ಹರಾಜು ಹಾಕುವ ಪ್ರಮುಖ ಸಂಸ್ಥೆ ಎಂಎಸ್‌ಟಿಸಿ. 1964ರಲ್ಲಿ ಲೋಹದ ಗುಜರಿ ವ್ಯಾಪಾರಕ್ಕಾಗಿ ಸ್ಥಾಪನೆಯಾದ ಈ ಸಂಸ್ಥೆ ಕೇಂದ್ರ ಉಕ್ಕು ಸಚಿವಾಲಯದ ಅಧೀನದಲ್ಲಿದೆ. ಸಾಲ ತೀರಿಸದ ಘಟಕಗಳ ಆಸ್ತಿಯನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ಮಾರುತ್ತವೆ. ಸಾರ್ವಜನಿಕ ವಲಯದ ಬ್ಯಾಂಕುಗಳ ಇಂತಹ ಹರಾಜಿಗಾಗಿ 2025ರ ಜನವರಿಯಲ್ಲಿ ‘ಬ್ಯಾಂಕ್‌ನೆಟ್’ ತಾಣ ಆರಂಭವಾಯಿತು.

ಹರಾಜಿನಲ್ಲಿ ಯಂತ್ರಗಳು ಬಿಡಿಬಿಡಿಯಾಗಿ ಬರುವುದು ಕಡಿಮೆ. ಲೇಥ್, ಡ್ರಿಲ್ಲಿಂಗ್ ಮಷಿನ್, ಕೆಟ್ಟ ಮೋಟಾರು, ತುಕ್ಕು ಹಿಡಿದ ಕೊಳವೆ ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ‘ಲಾಟ್’ ಮಾಡುವುದು ಸಾಮಾನ್ಯ. ಒಂದು ಲೇಥ್ ಬೇಕಾದವನು ಇಡೀ ಲಾಟ್‌ಗೆ ಹಣ ಹೂಡಬೇಕು. ಗುಜರಿ ವ್ಯಾಪಾರಿಗೆ ಇದು ತೊಡಕಲ್ಲ. ಆತ ತೂಕದ ಲೆಕ್ಕದಲ್ಲಿ ಕೊಳ್ಳುತ್ತಾನೆ, ತೂಕದ ಲೆಕ್ಕದಲ್ಲಿ ಮಾರುತ್ತಾನೆ. ಹೀಗೆ ಇನ್ನೂ ಹತ್ತಾರು ವರ್ಷ ದುಡಿಯಬಲ್ಲ ಯಂತ್ರ ಕುಲುಮೆ ಸೇರುತ್ತದೆ.

ಸರ್ಫೇಸಿ ನಿಯಮಗಳ ಪ್ರಕಾರ ಸಾರ್ವಜನಿಕ ಹರಾಜಿನ ಪ್ರಕಟಣೆ ಎರಡು ಪತ್ರಿಕೆಗಳಲ್ಲಿ ಬರಬೇಕು. ಒಂದು ಸ್ಥಳೀಯ ಭಾಷೆಯದಾಗಿರಬೇಕು. ಆದರೆ ಆಸ್ತಿ ಹೈದರಾಬಾದ್‌ನಲ್ಲಿದ್ದರೆ ಸ್ಥಳೀಯ ಭಾಷೆ ಎಂದರೆ ತೆಲುಗು; ಲಾತೂರಿನಲ್ಲಿದ್ದರೆ ಮರಾಠಿ. ಮೂರು ರಾಜ್ಯಗಳು ಸೇರುವ ಜಿಲ್ಲೆಯ ಕನ್ನಡ ಓದುಗನಿಗೆ ಆ ಪ್ರಕಟಣೆ ಕಣ್ಣಿಗೆ ಬೀಳುವ ಸಾಧ್ಯತೆ ಕಡಿಮೆ.

ಬಿಡ್ ಮೊತ್ತವೇ ಬೆಲೆಯಲ್ಲ

‘ಇದ್ದ ಸ್ಥಳದಲ್ಲಿ, ಇದ್ದ ಸ್ಥಿತಿಯಲ್ಲಿ’ ಎಂಬುದು ಈ ಹರಾಜುಗಳ ಮೂಲ ಷರತ್ತು. ಕೊಂಡ ನಂತರ ದೋಷ ಕಂಡುಬಂದರೆ ದೂರಿಗೆ ಅವಕಾಶವಿಲ್ಲ. ಹೀಗಾಗಿ ಸ್ಥಳ ಪರಿಶೀಲನೆಗೆ ಗೊತ್ತುಪಡಿಸಿದ ದಿನಗಳೇ ಖರೀದಿದಾರನ ಏಕೈಕ ರಕ್ಷಣೆ. ಚಿತ್ರದಲ್ಲಿ ಬಣ್ಣ ಕಾಣುತ್ತದೆ, ಸವಕಲು ಕಾಣುವುದಿಲ್ಲ. ಲೇಥ್‌ನ ಬೆಡ್ ಹೆಚ್ಚಾಗಿ ಸವೆಯುವುದು ಚಕ್‌ನ ಸಮೀಪ. ಸ್ಪಿಂಡಲ್‌ನ ಸಡಿಲ ತಿಳಿಯಲು ಡಯಲ್ ಗೇಜ್ ಬೇಕು. ಚಕ್, ಗೇರ್‌ಗಳು, ಟೇಲ್‌ಸ್ಟಾಕ್ ಇವೆಯೇ ಎಂಬುದನ್ನು ಎಣಿಸಿಯೇ ನೋಡಬೇಕು.

ಖರ್ಚಿನ ಲೆಕ್ಕವೂ ಹಾಗೆಯೇ. 2 ಲಕ್ಷ ರೂ. ಬಿಡ್‌ಗೆ ಶೇ 18ರ ಜಿಎಸ್‌ಟಿ ಸೇರಿದರೆ 2.36 ಲಕ್ಷ ರೂ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಕಾರ್ಯಾಗಾರಕ್ಕೆ ಆ 36 ಸಾವಿರ ರೂ. ಹಿಂದಿರುಗದ ಹಣ. ಇದರ ಮೇಲೆ ಬಿಚ್ಚುವ ಕೂಲಿ, ಕ್ರೇನ್ ಬಾಡಿಗೆ, ಲಾರಿ ಬಾಡಿಗೆ. ಹೈದರಾಬಾದ್‌ನಿಂದ ಬೀದರ್‌ಗೆ ಸುಮಾರು 140 ಕಿ.ಮೀ.; ಭಾಲ್ಕಿ, ಔರಾದ್ ಅದಕ್ಕೂ ಆಚೆ. ಗಡುವಿನೊಳಗೆ ಯಂತ್ರ ಸಾಗಿಸದಿದ್ದರೆ ನೆಲಬಾಡಿಗೆ ಬೀಳುತ್ತದೆ; ಹಣ ಕಟ್ಟದಿದ್ದರೆ ಮುಂಗಡ ಠೇವಣಿಯೇ ಕೈತಪ್ಪುತ್ತದೆ.

ಸಾಲದ ದಾರಿಯೂ ಕಿರಿದು. ಬಂಡವಾಳ ಸಬ್ಸಿಡಿ ಯೋಜನೆಗಳು ಸಾಮಾನ್ಯವಾಗಿ ಹೊಸ ಯಂತ್ರಗಳನ್ನೇ ಗುರಿಯಾಗಿಸಿಕೊಂಡಿವೆ. ಬ್ಯಾಂಕು ದರಪಟ್ಟಿ ಕೇಳುತ್ತದೆ. ಹರಾಜು ಮುಗಿಯುವವರೆಗೆ ದರವೇ ಗೊತ್ತಿರುವುದಿಲ್ಲ. ಸಾಲ ಮಂಜೂರಾಗುವಷ್ಟರಲ್ಲಿ ಪಾವತಿಯ ಗಡುವು ಮೀರಿರುತ್ತದೆ. ಹೀಗಾಗಿ ಕೈಯಲ್ಲಿ ನಗದು ಇದ್ದವನದೇ ಮೇಲುಗೈ.

ಎರೆಭೂಮಿಯ ಪರೀಕ್ಷೆ

ಯಂತ್ರ ಊರು ತಲುಪಿದ ಮೇಲೆ ಎದುರಾಗುವುದು ನೆಲದ ಪ್ರಶ್ನೆ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಗಟ್ಟಿ ನೆಲದ ಮೇಲೆ. ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ವ್ಯಾಪಕವಾಗಿರುವುದು ಎರೆಭೂಮಿ. ಇದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನೌಬಾದ್‌ನಲ್ಲಿ ಸರಿಯಾಗಿ ಕೂರುವ ತಳಪಾಯ ಅಲ್ಲಿ ಒಂದೇ ಮಳೆಗಾಲದಲ್ಲಿ ವಾಲಬಹುದು. ಲೇಥ್‌ನ ಮಟ್ಟ ತಪ್ಪಿದರೆ ಬೆಡ್ ತಿರುಚಿಕೊಂಡು, ಶಾಫ್ಟ್ ಒಂದು ತುದಿಗೆ ದಪ್ಪ, ಮತ್ತೊಂದು ತುದಿಗೆ ಸಣ್ಣಗೆ ಕಡೆಯಲ್ಪಡುತ್ತದೆ. ತಪ್ಪು ನೆಲದ್ದು, ಹೆಸರು ಕೆಡುವುದು ಕೆಲಸಗಾರನದು.

ಎರೆಮಣ್ಣನ್ನು ಆಳವಾಗಿ ತೆಗೆದು, ಮೊರಂ ತುಂಬಿ ಅದುಮಿ, ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಹಾಕುವುದು ಇದಕ್ಕೆ ಪರಿಹಾರ. ಗಾರೆ ಕೆಲಸದ ರಸಮಟ್ಟ ಇಲ್ಲಿ ಸಾಲದು, ಮೀಟರಿಗೆ 0.02 ಮಿ.ಮೀ. ವ್ಯತ್ಯಾಸ ತೋರಿಸುವ ಯಂತ್ರಮಟ್ಟ ಬೇಕು. ಮೊದಲ ಮಳೆಗಾಲ ಕಳೆದ ನಂತರ ಮಟ್ಟವನ್ನು ಮತ್ತೊಮ್ಮೆ ನೋಡಲೇಬೇಕು.

ವಿದ್ಯುತ್ ಮತ್ತೊಂದು ತೊಡಕು. ಕಾರ್ಖಾನೆಯ ಯಂತ್ರಗಳು ಸಾಮಾನ್ಯವಾಗಿ ಮೂರು ಫೇಸ್‌ನವು. ಪಂಪ್‌ಸೆಟ್ ಸಂಪರ್ಕದಿಂದ ಕಾರ್ಯಾಗಾರ ನಡೆಸುವಂತಿಲ್ಲ. ಜೆಸ್ಕಾಂನಿಂದ ಕೈಗಾರಿಕಾ ಸಂಪರ್ಕ ಪಡೆಯಬೇಕು. ಈ ಅರ್ಜಿ ಬಿಡ್‌ಗೆ ಮುನ್ನ ಹೋಗಬೇಕೇ ಹೊರತು ಲಾರಿ ಬಂದು ನಿಂತ ಮೇಲಲ್ಲ.

ಬಿಡಿಭಾಗಗಳ ವಿಚಾರದಲ್ಲಿ ಯಂತ್ರದ ತಯಾರಕರು ಯಾರೆಂಬುದು ಮುಖ್ಯ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನ ಲೇಥ್‌ಗಳು ಗಟ್ಟಿತನಕ್ಕೆ ಹೆಸರಾದವು. ಆದರೆ ಆ ಕಾರ್ಖಾನೆಯೇ ಮುಚ್ಚಿದೆ. ಅಂತಹ ಯಂತ್ರ ಕೊಂಡವರು ಗೇರನ್ನು ಹಳೆಯ ಯಂತ್ರಗಳಿಂದ ಹುಡುಕಬೇಕು ಅಥವಾ ಮಾಡಿಸಿಕೊಳ್ಳಬೇಕು.

ಆಗಬೇಕಾದುದೇನು?

ಪರಿಹಾರಕ್ಕೆ ಹೊಸ ಕಾಯ್ದೆ ಬೇಕಿಲ್ಲ. ದುಡಿಯಬಲ್ಲ ಯಂತ್ರಗಳನ್ನು ಗುಜರಿಯಿಂದ ಬೇರ್ಪಡಿಸಿ ಬಿಡಿ ಲಾಟ್ ಮಾಡಿದರೆ ಮಾರುವ ಸಂಸ್ಥೆಗೂ ತೂಕದ ದರಕ್ಕಿಂತ ಹೆಚ್ಚು ಬೆಲೆ ಸಿಗಬಹುದು. ಜಿಲ್ಲಾ ಕೈಗಾರಿಕಾ ಕೇಂದ್ರವು ನೆರೆಯ ರಾಜ್ಯಗಳ ಹರಾಜು ಪ್ರಕಟಣೆಗಳನ್ನು ಕನ್ನಡದಲ್ಲಿ ತಾಲ್ಲೂಕುಗಳಿಗೆ ತಲುಪಿಸಬಹುದು. ಸರ್ಕಾರಿ ಐಟಿಐಗಳ ಅನುಭವಿ ಬೋಧಕರಿಂದ ಅಲ್ಪ ಶುಲ್ಕಕ್ಕೆ ಯಂತ್ರ ಪರಿಶೀಲನೆ ಮಾಡಿಸಿ, ಆ ವರದಿಯನ್ನೇ ಆಧಾರವಾಗಿಟ್ಟುಕೊಂಡು ಬ್ಯಾಂಕುಗಳು ಹರಾಜಿಗೆ ಮುನ್ನ ಸಾಲದ ಮಿತಿ ನಿಗದಿಪಡಿಸಬಹುದು.

ಅಲ್ಲಿಯವರೆಗೆ ಕಾರ್ಯಾಗಾರದವರಿಗೆ ಉಳಿದಿರುವ ಮಾರ್ಗ ಒಂದೇ. ನಾಲ್ಕೈದು ಮಂದಿ ಸೇರಿ ಒಂದು ಲಾಟ್ ಕೊಂಡು, ಬೇಕಾದ ಯಂತ್ರಗಳನ್ನು ಹಂಚಿಕೊಂಡು, ಉಳಿದುದನ್ನು ಗುಜರಿಗೆ ಮಾರುವುದು. ಗುಜರಿ ವ್ಯಾಪಾರಿ ಮಾಡುವುದೂ ಇದನ್ನೇ. ಆತನ ಕೈಯಲ್ಲಿ ಯಂತ್ರ ಒಡೆಯುತ್ತದೆ, ಇವರ ಕೈಯಲ್ಲಿ ತಿರುಗುತ್ತದೆ.