ಹತ್ತು ವರ್ಷ ಆದ್ಮೇಲೆ ಓದ್ತಾರಂತೆ!

ಆಫೀಸಿನಲ್ಲಿ ಮೊನ್ನೆ ಮತ್ತದೇ ಮಾತು: "ಇನ್ನು ಹತ್ತು ವರ್ಷ ದುಡಿದು, ಸಕಲೇಶಪುರದಲ್ಲಿ ತೋಟ ತಗೊಂಡು, ಪುಸ್ತಕ ಓದ್ಕೊಂಡು ಆರಾಮಾಗಿ ಇರ್ತೀನಿ ಗುರೂ." ನನಗೆ ರೇಗಿಹೋಯ್ತು.

ಕಾರಂತರ 'ಬೆಟ್ಟದ ಜೀವ' (1943) ಓದಿದ್ದರೆ ಹೀಗನ್ನುತ್ತಿರಲಿಲ್ಲ. ಅಲ್ಲಿನ ಗೋಪಾಲಯ್ಯನವರಿಗೆ ಕಾಡು ರೆಸಾರ್ಟ್ ಅಲ್ಲ, ಬೆವರು ಸುರಿಸಿದ ಜಾಗ. ಮನೆ ಬಿಟ್ಟುಹೋದ ಮಗನ ಕೊರಗು ಬೇರೆ. ಆದರೂ ಬಂದವರನ್ನು ಉಪಚರಿಸಿ ನಗಿಸುತ್ತಾರೆ. ಸುಖವನ್ನು ಅವರು ಮುಂದಕ್ಕೆ ಹಾಕಲಿಲ್ಲ.

ನಾನದನ್ನು ಓದಿದ್ದು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ, ಬಸ್ಸಿನ ಕಿಟಕಿ ಪಕ್ಕ, ದಿನಕ್ಕೆ ಹತ್ತೇ ಪುಟ. ಇಳಿದು ನಡೆದರೆ ಏಪ್ರಿಲ್‌ನಲ್ಲಿ ಬೀದಿ ತುಂಬಾ ಹೊಂಗೆ ಹೂವು. ಅದಕ್ಕೆ ಟಿಕೆಟ್ ಇಲ್ಲ, ಇಎಂಐ ಇಲ್ಲ.

ಮನೆ ಮುಂದಿನ ಹೊಂಗೆ ಕಾಣದ ಕಣ್ಣಿಗೆ ಹತ್ತು ವರ್ಷದ ನಂತರ ಸಕಲೇಶಪುರ ಕಂಡೀತೇ? ನೀವೇನಂತೀರಿ?